ಆರೂ ಒಂದು

ಬಿ.ಜಿ. ಕೆರೆಯ ಕ್ಯಾತಮ್ಮ ಬಿದಿರ ಪುಟ್ಟಿಯಲ್ಲಿ ಶೇಂಗಾ ಅಳೆಯುವಾಗ ಮೊದಲನೆಯದಕ್ಕೆ ‘ಲಾಭ’ ಅನ್ನುತ್ತಾಳೆ. ಆಮೇಲೆ ಎರಡು, ಮೂರು. ಆರು ಮುಗಿದರೆ ‘ಆರೂ ಒಂದು’ ಎಂದು ಹೇಳಿ ಎಂಟಕ್ಕೆ ಹೋಗುತ್ತಾಳೆ. ಅವಳ ತವರು ಆಂಧ್ರದ ಗಡಿಯಾಚೆ. ಅಲ್ಲಿಯ ‘ಏಡು’ ಎಂದರೆ ಏಳೂ ಹೌದು, ಅಳು ಎಂಬ ಮಾತೂ ಹೌದು. ರಾಶಿಯ ಮುಂದೆ ಅದನ್ನು ಯಾರೂ ಆಡರು. ಈ ಊರಿಗೆ ಬಂದ ಮೇಲೆ ಅದು ಬರೀ ರೂಢಿಯಾಗಿ ಉಳಿದಿತ್ತು. ಗಂಡ ಓಬಳಪ್ಪ ತೀರಿಕೊಂಡ ಮೇಲೆ ಆ ರೂಢಿಯೇ ಭಯವಾಯಿತು.

ಅವನದು ಕೆಮ್ಮಿನ ಕಾಯಿಲೆ. ಕೊನೆಯ ಬೇಸಿಗೆಯಿಡೀ ಕಣ್ಣು ಮುಚ್ಚಲಿಲ್ಲ. ಬೆನ್ನು ತಟ್ಟುತ್ತ ಕೂತವಳನ್ನು ಕೇಳಿದ್ದು ಒಂದೇ: “ನಿದ್ದೆ ಹತ್ತಿದ್ರೆ ಯಾರೂ ಎಬ್ಬಿಸದಂಗೆ ನೋಡ್ಕಳೇ.” ಕಣದ ಪಕ್ಕದ ಬೇವಿನ ಬುಡದಲ್ಲೇ ಅವನನ್ನು ಮಣ್ಣು ಮಾಡಿದರು. ಕನ್ನಡದ ‘ಏಳು’ ಎಬ್ಬಿಸುವ ಮಾತೂ ಆಗಿತ್ತಲ್ಲ!

ಈ ಸಲ ಅಳೆಯಲು ನಿಂತವಳು ಚಳ್ಳಕೆರೆಯಿಂದ ಬಂದ ಹೊಸ ಸೊಸೆ ರೇಣುಕಮ್ಮ.

“ಆರೂ ಒಂದು ಅನ್ನು, ಮರೀಬ್ಯಾಡ,” ಎಂದಳು ಕ್ಯಾತಮ್ಮ.

“ಆರೂ ಒಂದು ಅನ್ನು, ಒಂದೂ ಆರು ಅನ್ನು, ಮೂರೂ ನಾಕು ಅನ್ನು. ಹೆಂಗೆ ಕೂಡಿದ್ರೂ ಅಷ್ಟೇ ಅಲ್ವಾ ಅತ್ತೆ? ಮಾವಯ್ಯಂಗೆ ಅಷ್ಟೂ ಲೆಕ್ಕ ಬರಲ್ವಾ?” ಸೊಸೆ ನಗುತ್ತ ಆರರ ಮೇಲಿನ ಪುಟ್ಟಿಯನ್ನು ಚೀಲಕ್ಕೆ ಸುರಿದು ಗಟ್ಟಿಯಾಗಿ ಅಂದಳು, “ಏಳು!”

ಬೇವಿನ ಕಡೆಯಿಂದ ಕೆಮ್ಮು ಕೇಳಿಸಿತು.

“ಕುರಿ ಇರ್ಬೇಕು,” ಎಂದಳು ರೇಣುಕಮ್ಮ.

“ಕುರಿ ಎಲ್ಲಾ ಗುಡ್ಡಕ್ಕೆ ಹೋಗ್ಯಾವೆ.” ಕ್ಯಾತಮ್ಮ ಜಟಿಂಗ ರಾಮೇಶ್ವರನನ್ನು ನೆನೆದು ಕೈಮುಗಿದಳು. “ಹಾಕಿದ್ದೆಲ್ಲಾ ತೆಗಿ ತಾಯಿ. ಕೂಡಿದಷ್ಟನ್ನೇ ಕಳೆದ್ರೆ ಏನೂ ಉಳಿಯಲ್ಲ ತಾನೇ? ಆಡಿದ ಮಾತೂ ಅದರ ಜೊತೆ ಹೋಗ್ಲಿ.”

ರೇಣುಕಮ್ಮ ಅದೇ ಪುಟ್ಟಿಯಲ್ಲಿ ಒಂದೊಂದೇ ತೆಗೆದು ರಾಶಿಗೆ ಸುರಿದಳು. ಆರನೆಯದಕ್ಕೇ ಚೀಲ ಬರಿದಾಯಿತು. ತಿರುವಿ ಹಾಕಿ ಕೊಡವಿದಳು. ಧೂಳು ಮಾತ್ರ ಬಿತ್ತು.

“ಏಳು ಹಾಕಿದ್ದೆ ಅತ್ತೆ, ದೇವರಾಣೆ!”

ಕ್ಯಾತಮ್ಮ ಆಗಲೇ ಬೇವಿನ ಕಡೆ ನಡೆದಿದ್ದಳು. ಗೋರಿಯ ತಲೆಗಲ್ಲಿನ ಮೇಲೆ ಒಂದು ಪುಟ್ಟಿಯಷ್ಟು ಶೇಂಗಾ ಸಿಪ್ಪೆ ಬಿದ್ದಿತ್ತು. ಬಾಯಲ್ಲಿ ಕಚ್ಚಿ ಸುಲಿದ ತೇವ ಇನ್ನೂ ಆರಿರಲಿಲ್ಲ. ಅವಳು ಪಕ್ಕದಲ್ಲಿ ಕೂತು, ಆ ಬೇಸಿಗೆಯಲ್ಲಿ ಬೆನ್ನು ತಟ್ಟಿದ ಹಾಗೆಯೇ ಮಣ್ಣು ತಟ್ಟತೊಡಗಿದಳು. ಸೊಸೆಯೂ ಬಂದು ಕೂತು ತಟ್ಟಿದಳು.

ಹೊತ್ತು ಇಳಿಯಿತು. “ಮಾವಯ್ಯ ಮಲಗಿದ್ರಾ ಅತ್ತೆ?” ರೇಣುಕಮ್ಮ ಪಿಸುಗುಟ್ಟಿದಳು.

ಕ್ಯಾತಮ್ಮ ಬಗ್ಗಿ ಮಣ್ಣಿಗೆ ಕಿವಿಯಿಟ್ಟಳು.

“ತಟ್ಟು, ತಟ್ಟು. ಇನ್ನೂ ಅಗೀತೈತೆ ಜೀವ.”