ಸಾವಕಾರ್ರ ಹೆಸರಿನ ರಟ್ಟು

ನಾವು ಮಾಡಿದ್ದು ಒಂದು ಸಣ್ಣ ಪುಸ್ತಕ. ಚಿತ್ರಕಥಿಗಳ ಪುಸ್ತಕ, ಅದೂ ವಿಜ್ಞಾನದ ಕಲ್ಪನಾ ಕಥಿ. ಕೇಳಿದವರೆಲ್ಲ ಮೊದಲ ನಗತಿದ್ರು. "ಚಿಕ್ಕೋಡ್ಯಾಗ ಕುಂತು ರಾಕೆಟ್ ಬಿಡ್ತೀರೇನು?" ಅಂತಿದ್ರು. ಬಿಡ್ತೀವ್ರಿ, ಯಾಕ ಬಿಡಬಾರದು? ಆಕಾಶ ಏನ್ ಬೆಂಗಳೂರಿನವರ ಹೊಲಾನ?

ನಂದು ಚಿಕ್ಕೋಡಿ ಬಸ್ ಸ್ಟ್ಯಾಂಡ್ ಹತ್ರ ಡಿಟಿಪಿ ಅಂಗಡಿ. ಮುಖಂಡರ ಹುಟ್ಟುಹಬ್ಬದ ಫ್ಲೆಕ್ಸಿಗೆ ಅವರ ಮಾರಿ ಬೆಳ್ಳಗ ಮಾಡೂದು, ಮೀಸಿ ಕರ್‍ರಗ ಮಾಡೂದು, ಇದ ನನ್ನ ಉದ್ಯೋಗ. ಅದರ ನಡುವ ನಾನೂ ಅಲಖನೂರಿನ ಒಬ್ಬ ವಿಜ್ಞಾನ ಮಾಸ್ತರೂ ಕಥಿ ಬರೀತಿದ್ವಿ. ಮಾಸ್ತರ ಒಂದು ಕಥ್ಯಾಗ ಕಬ್ಬು ಕಡಿಯೂ ಯಂತ್ರ ಹೊಲದ ನಡುವ ಕುಂತುಬಿಡ್ತದ. "ಇವತ್ತ ನನ್ನ ಕೈಲಿ ಆಗಾಂಗಿಲ್ಲ, ನಾಳಿ ನೋಡೂಣು" ಅಂತದ. ನಂದೊಂದು ಕಥಿ ಸತ್ತಿ ಅನ್ನೂ ಊರಿಂದು. ಕೃಷ್ಣಾ ನದಿ ಒಂದು ಮುಂಜಾನೆ ಎದ್ದು ಮ್ಯಾಲ ಹರಿಯಾಕ ಶುರು ಮಾಡ್ತದ, ಊರ ಮಂದಿ ಮೋಟರ್ ಪೈಪು ಆಕಾಶದ ಕಡಿ ತಿರುಗಸ್ತಾರ.

ಚಿತ್ರ ಮಾತ್ರ ಎಲ್ಲಾ ನನ್ನ ಗೆಳತಿವು. ಐಗಳಿ ಆಕಿ ತವರುಮನಿ, ಕಾಗವಾಡದಾಗ ಕಿರಾಣಿ ಸಾವಕಾರ್ರ ಸೊಸಿ. ಆಕಿ ಹೆಸರು ಇಲ್ಲಿ ಹೇಳಾಂಗಿಲ್ಲ. ಬೇಕಂದ್ರ ಪುಸ್ತಕ ತಗೊಂಡು ನೋಡ್ರಿ, ಅದರ ಮ್ಯಾಲ ಐತಿ. ಅದು ಅಲ್ಲಿಗೆ ಹೆಂಗ ಬಂತು ಅನ್ನೂದ ಈ ಹಕೀಕತ್ತು.

ಆಕಿದೂ ಒಂದು ಸ್ವಂತ ಕಥಿ ಇತ್ತು. ಐಗಳಿಯ ಒಣದ್ರಾಕ್ಷಿ ಶೆಡ್ಡಿನಾಗ ಹಣ್ಣು ಒಣಗಸೂ ತಂತಿ ಜಾಳಿಗಿ ಅಂತಸ್ತಿನ ಮ್ಯಾಲ ಅಂತಸ್ತು ಕಟ್ಟಿರತಾರ. ಬ್ಯಾರೆ ಲೋಕದ ವಿಮಾನದವರು ಅದನ್ನ ನೋಡಿ, ಇದು ವಿಮಾನ ನಿಲ್ಲೂ ಜಾಗಾನ ಇರಬೇಕು ಅಂತ ಇಳೀತಾರ. ವಿಮಾನ ಕೆಡ್ತದ. ಮಣುಕಾ ದ್ರಾಕ್ಷಿ ಆರಸೂ ಹೆಣ್ಮಕ್ಕಳು ಅವರಿಗೆ ಚಾ ಕೊಟ್ಟು, ಜಾಳಿಗಿ ತಂತಿ ಬಿಚ್ಚಿ ವಿಮಾನ ರಿಪೇರಿ ಮಾಡ್ತಾರ. ಕಡೀಕ ಅವರಾಗಿನ ಒಬ್ಬಾಕಿ ಡ್ರೈವರ್ ಸೀಟಿನಾಗ ಏರಿ ಕುಂತುಬಿಡ್ತಾಳ. ಆಕಿ ಮಾರಿ ಥೇಟ್ ನನ್ನ ಗೆಳತಿದು. ಕೇಳಿದ್ರ "ನಾ ಅಲ್ಲ ಬಿಡಽ ಯವ್ವಾ" ಅಂತಿದ್ಳು.

ಮೊದಲ ಇದನ್ನೆಲ್ಲ ದೊಡ್ಡ ಊರಿನ ಒಬ್ಬ ಪ್ರಕಾಶಕರಿಗೆ ಕಳಿಸಿದ್ದೆ. ಅವರು ಫೋನ್ ಮಾಡಿ, "ಚಿತ್ರಗಳು ಚೆನ್ನಾಗಿವೆ. ಆದರೆ ಬೇರೆ ಗ್ರಹದವರು ನಿಮ್ಮ ಕಡೆಯ ಭಾಷೆ ಯಾಕೆ ಮಾತಾಡ್ತಾರೆ? ಶುದ್ಧ ಕನ್ನಡಕ್ಕೆ ತಿದ್ದಿಸಿ" ಅಂದ್ರು.

"ಅವರು ಇಳದದ್ದು ಐಗಳ್ಯಾಗ್ರಿ ಸರ," ಅಂದೆ. "ನಿಮ್ಮ ಓಣ್ಯಾಗ ಇಳದಿದ್ರ ನಿಮ್ಮಂಗ ಮಾತಾಡ್ತಿದ್ರು."

ಆ ಮಾತು ಅಲ್ಲೇ ಮುಗೀತು. ನಮ್ಮ ಪುಸ್ತಕ ನಾವ ಹಾಕೂಣು ಅಂತ ಅವತ್ತ ಠರಾಯಿಸಿದ್ವಿ.

ಗೆಳತಿ ಒಂದ ಒಂದು ಕರಾರು ಇಟ್ಟಳು. "ನಿಮ್ಮ ಹೆಸರು ಒಳಗ ನಿಮ್ಮ ನಿಮ್ಮ ಕಥಿ ಮ್ಯಾಲ ಹಾಕ್ಕೋರಿ. ಚಿತ್ರ ಎಲ್ಲಾ ನಂದಾವು, ರಟ್ಟಿನ ಮ್ಯಾಲ ನನ್ನ ಹೆಸರು ಇರಬೇಕು. ಬರೇ ನನ್ನ ಹೆಸರು."

ಆಕಿ ಯಾಕ ಹಂಗಂದ್ಳು ಅನ್ನೂದು ನನಗ ಗೊತ್ತಿತ್ತು. ಬಳಗದವರ ಲಗ್ನಕ್ಕ ಮೆಹಂದಿ ಹಾಕಾಕ ಆಕಿ ಬೇಕು, ಮೈದುನನ ಮಕ್ಕಳ ಸಾಲಿ ಚಾರ್ಟಿಗೆ ಆಕಿ ಬೇಕು. ಅಂಗಡಿ ಬೋರ್ಡಿನ ಮ್ಯಾಲ ಗೋದಿ ಚೀಲದ ಚಿತ್ರ ಐತಲ್ಲ, ಅದನ್ನ ತಗದಾಕಿನೂ ಆಕಿನ. ಕೆಳಗ ಮೂಲ್ಯಾಗ ಸಹಿ ಮಾತ್ರ ಬೋರ್ಡ್ ಬರಿಯಾಂವಂದು. ದಿನಾ ಅದರ ಕೆಳಗ ಹಾದು ಹಾಲು ತರ್ತಿದ್ಳು, ಪಾಪ.

ಮಾವ ಸಾವಕಾರ್ರು ಮಾತ್ರ ಸಾಫ್ ಹೇಳಿಬಿಟ್ರು, "ಚಿತ್ರ ತಗೀಲಿ, ಬ್ಯಾಡ ಅನ್ನಾಂಗಿಲ್ಲ. ಆದ್ರ ಮನಿ ಹೆಣ್ಮಕ್ಕಳ ಹೆಸರು ಬಜಾರಕ್ಕ ತರೂದು ನಮ್ಮಲ್ಲಿ ಇಲ್ಲ." ಗಂಡ ಅನ್ನಾಂವ ಅಪ್ಪ ಮಾತಾಡಿದ್ರೂ ತಲಿ ಅಲ್ಲಾಡಸ್ತಿದ್ದ, ಹೇಣ್ತಿ ಮಾತಾಡಿದ್ರೂ ತಲಿ ಅಲ್ಲಾಡಸ್ತಿದ್ದ. ಗೆಳತಿ ಎದುರು ಮಾತಾಡ್ಲಿಲ್ಲ. ನನಗ ಮಾತ್ರ, "ನೀ ಹಾಕಽ. ಬೈಸಿಕೊಳ್ಳೂದು ನನ್ನ ಕಡಿ ಇರ್ಲಿ" ಅಂದ್ಳು.

ನಿಪ್ಪಾಣ್ಯಾಗ ಒಬ್ಬ ಪ್ರೆಸ್ಸಿನಾಂವ ಇದ್ದ. ಹೆಚ್ಚಾಗಿ ಲಗ್ನಪತ್ರಿಕಿ ಮತ್ತ ತಂಬಾಕದ ಪುಡಿಕಿಗೆ ಹಚ್ಚೂ ಲೇಬಲ್ಲು ಹೊಡ್ಯಾಂವ. ಮನಷ್ಯಾ ಬಂಗಾರದಂಥಾಂವ. ಪೆನ್ ಡ್ರೈವ್ ಅವನ ಕೈಯಾಗ ಕೊಟ್ಟು, ಗೆಳತಿನ ಮೊದಲ ಬಿಚ್ಚಿ ನೋಡ್ಲಿ ಅಂತ, ಪುಸ್ತಕದ ಗಂಟು ಕಾಗವಾಡಕ್ಕ ಕಳಸಪಾ ಅಂದು ಅಂಗಡಿ ಗುರುತು ಹೇಳಿದೆ. "ಸಾವಕಾರ್ರ ಅಂಗಡಿ ಹೌದಲ್ರಿ ಅಕ್ಕಾರ? ಪ್ರತಿ ವರ್ಷ ಅವರ ಅಂಗಡಿ ಕ್ಯಾಲೆಂಡರ್ ನಾನ ಹೊಡೀತೇನಿ" ಅಂತ ಖುಷಿಯಾದ. ಆ ಖುಷಿನ ನಮಗ ಮುಳುವಾತು.

ನಾ ಕಾಗವಾಡಕ್ಕ ಹೋಗೂದ್ರಾಗ ಟೆಂಪೋ ಬಂದು ಗಂಟು ಇಳಿಸಿ ಹೋಗಿತ್ತು. ಸಾವಕಾರ್ರು ಗಲ್ಲೇದ ಮ್ಯಾಲ ಕುಂತು ಪುಸ್ತಕ ಬಿಚ್ಚಿ ಬಿಚ್ಚಿ ಗಿರಾಕಿಗಳಿಗೆ ತೋರಿಸಾಕತ್ತಿದ್ರು. ನನ್ನ ಕಂಡ ಕೂಡ್ಲೆ, "ಬರ್ರಿ ಬರ್ರಿ, ಚಾ ಕುಡೀರಿ. ಚಲೋ ಆಗೇತಿ ಪುಸ್ತಕ!" ಅಂದ್ರು. ಹೆಸರು ಬ್ಯಾಡ ಅಂದಿದ್ದ ಮನಷ್ಯಾರ ಬಾಯಾಗ ಈ ಮಾತು ಹೆಂಗ ಬಂತಪಾ ಅಂತ ಒಂದು ಪ್ರತಿ ತಗೊಂಡು ನೋಡಿದೆ. ಮೈ ಉರದು ಹೋತು.

ರಟ್ಟಿನ ಮ್ಯಾಲ ತುದ್ಯಾಗ 'ಶ್ರೀ ಗಣೇಶ ಪ್ರಸನ್ನ'. ಅದರ ಕೆಳಗ 'ಇವರ ಆಶೀರ್ವಾದದಿಂದ' ಅಂತ ಬರದು, ದಪ್ಪ ಅಕ್ಷರದಾಗ ಸಾವಕಾರ್ರ ಪೂರ್ತಿ ಹೆಸರು. ಆಮ್ಯಾಲ ಪುಸ್ತಕದ ಹೆಸರು, ಆಮ್ಯಾಲ ಗಂಡನ ಹೆಸರು. ಕಟ್ಟಕಡೀಕ ಹೂವಿನ ಬಳ್ಳಿ ನಡುವ, ಸಣ್ಣ ಅಕ್ಷರದಾಗ, ಹೆಸರಿನ ಮೊದಲ ಸೌಭಾಗ್ಯವತಿ ಅನ್ನೂ 'ಸೌ.' ಹಚ್ಚಿಗೊಂಡು ನನ್ನ ಗೆಳತಿ.

ನಮ್ಮ ಕಡಿ ಲಗ್ನಪತ್ರಿಕ್ಯಾಗ ಸೊಸಿ ಹೆಸರು ಒಂದ ನಿಲ್ಲೂದಿಲ್ಲ. ಮೊದಲ ಹಿರೇರು, ಆಮ್ಯಾಲ ಗಂಡ, ಆಮ್ಯಾಲ ಸೌ. ಹಚ್ಚಿ ಆಕಿ. ಪ್ರೆಸ್ಸಿನಾಂವ ಅದನ್ನ ಇಲ್ಲೂ ಮಾಡಿದ್ದ. ಫೋನ್ ಹಚ್ಚಿ ಒದರಿದೆ, "ಅಣ್ಣಾರ, ಏನ್ ಮಾಡಿಟ್ರಿ ಇದು?"

"ಯಾಕ್ರಿ ಅಕ್ಕಾರ? ನೀವು ಹಿರೇರ ಹೆಸರ ಬಿಟ್ಟಿದ್ರಿ. ಹಂಗ ಹೊಡದು ಕಳಿಸಿದ್ರ ಸಾವಕಾರ್ರು ನನ್ನ ಮಾರಿ ನೋಡ್ತಿದ್ರೇನು? ಸರಿ ಮಾಡಿ ಕಳಿಸೇನಿ." ನಾ ಶಾಬಾಸ್ ಅಂತೀನಿ ಅಂತ ಕಾಯಾಕತ್ತಿದ್ದ.

ಮಾಸ್ತರಿಗೆ ಫೋನ್ ಮಾಡಿದೆ. "ಇರ್ಲಿ ಬಿಡ್ರಿ," ಅಂದ್ರು ಅವರು. "ಒಳಗ ಕಥಿ ಚಲೋ ಬಂದಾವಲ್ಲ. ಸಾವಕಾರ್ರ ಮನ್ಯಾಗೂ ಎಲ್ಲಾರೂ ಖುಷಿ ಆಗ್ಯಾರ ಅಂತೀರಿ."

"ಅಗದಿ ಬರೋಬ್ಬರಿ ಮಾಸ್ತರ. ನಿಮ್ಮ ಕಥಿ ಮ್ಯಾಲ ನಿಮ್ಮ ಹೆಡ್ ಮಾಸ್ತರ ಹೆಸರು ಹಾಕಸ್ಲೇನು?" ಅಂದೆ.

ಅಷ್ಟರಾಗ ಗೆಳತಿ ಒಳಗಿಂದ ಬಂದ್ಳು. ರೊಟ್ಟಿ ಬಡ್ಯಾಕತ್ತಿದ್ಳಂತ, ಕೈಯಾಗಿನ ಹಿಟ್ಟು ಸೆರಗಿಗೆ ಒರಸಿ ಪುಸ್ತಕ ತಗೊಂಡ್ಳು. ರಟ್ಟು ನೋಡೇ ನೋಡಿದ್ಳು. ಅಳ್ತಾಳ ಅಂತ ತಿಳಕೊಂಡೆ. ಇಲ್ಲ.

"ಇದರಾಗ ನಾ ಎಲ್ಲಿ ಅದೀನಿ?" ಅಂದ್ಳು.

ಕೆಳಗ ಬಳ್ಳಿ ಕಡಿ ಬಟ್ಟು ತೋರಿಸಿದೆ. ಆಕಿ ಆ ಕಡಿ ನೋಡಲೇ ಇಲ್ಲ. ಹೆಗಲ ಮ್ಯಾಗಿನ ಸೀರಿ ಪಿನ್ನು ಬಿಚ್ಚಿದ್ಳು, ಅಂಗಡಿ ಹಿಂದಿನ ಪಡಸಾಲ್ಯಾಗ ಕುಂತ್ಳು, ಪುಸ್ತಕದ ನಡುವ ಹೊಡದ ತಂತಿ ಪಿನ್ನಿಗೆ ಅದನ್ನ ತೂರಿ ಮೀಟಿದ್ಳು. ರಟ್ಟು ಸರ್ರನ ಕಳಚಿ ಬಂತು. ಇನ್ನೊಂದು ಪುಸ್ತಕ ತಗೊಂಡ್ಳು. ನಾನೂ ಎದುರಿಗೆ ಕುಂತೆ. ಯವ್ವಾ, ಆ ರಟ್ಟು ಕೀಳೂ ಸುಖ ಏನ್ ಹೇಳ್ಲಿ! ನನ್ನ ಜನ್ಮದಾಗ ಹಚ್ಚಿದ ಫ್ಲೆಕ್ಸೆಲ್ಲಾ ಹರದು ಬಿಸಾಕಿದಂಗ ಆತು.

ರಟ್ಟು ಹೋದ ಮ್ಯಾಲ ಮೊದಲನೇ ಪುಟದಾಗ ಆಕಿದ ಚಿತ್ರ ಎದ್ದು ನಿಂತಿತ್ತು. ಪುಟದ ತುಂಬ ಐಗಳಿ ಶೆಡ್ಡು, ಅದರ ಮ್ಯಾಲ ಇಳಿಯಾಕತ್ತಿದ್ದ ವಿಮಾನ. ಪ್ರೆಸ್ಸಿನಾಂವ ಆ ಪುಟದ ತುದ್ಯಾಗೂ ಗಣಪ್ಪನ ಹೆಸರು ಹಾಕಿದ್ದ. "ಇದನ್ನ ಏನ್ ಮಾಡೂದು?" ಅಂದೆ. "ಅದಿರ್ಲಿ," ಅಂದ್ಳು, "ದೂರ ಹೋಗೂ ವಿಮಾನ ಐತಿ."

ಪುಟ ಉದುರಬಾರದಲ್ಲ, ಚೀಲಾ ಹೊಲಿಯೂ ದಬ್ಬಣಾ ದಾರ ಅಂಗಡ್ಯಾಗ ಇದ್ದ ಇತ್ತು. ನಾ ಹೊಲೀತಾ ಹೋದೆ. ಆಕಿ ಚೀಲದ ಮ್ಯಾಲ ರೇಟು ಬರಿಯೂ ದಪ್ಪ ಪೆನ್ನು ತಗೊಂಡು, ವಿಮಾನದ ಕೆಳಗ ತನ್ನ ಹೆಸರು ಬರೀತಾ ಹೋದ್ಳು. ಸೌ. ಇಲ್ಲ, ಗಂಡಂದಿಲ್ಲ, ಅಡ್ಡಹೆಸರೂ ಇಲ್ಲ. ಮೊದಲಿನ ಪ್ರತಿಗಳ ಮ್ಯಾಲ ಅಕ್ಷರ ಸಣ್ಣ ಅದಾವು. ಬರೀತಾ ಬರೀತಾ ದೊಡ್ಡು ಆಗ್ಯಾವು. ಅಥಣ್ಯಾಗ ಪುಸ್ತಕ ಕೊಂಡವರು ಈಗೂ ತಮ್ಮ ತಮ್ಮ ಪ್ರತಿ ಇಟಗೊಂಡು ಹೋಲಿಸಿ ನೋಡ್ತಾರ.

ಕಿತ್ತ ರಟ್ಟು ಸಾವಕಾರ್ರು ಬಿಸಾಡಲಿಲ್ಲ. ಚಲೋ ಕಾಗದ ಅಲ್ಲೇನು, ಸಾಬೂನ ಇಡೂ ಹಲಗಿ ಮ್ಯಾಲ ಹಾಸ್ಯಾರ. ಅದು ಆಮ್ಯಾಗಿನ ಮಾತು. ಅವತ್ತ ಮಧ್ಯಾಹ್ನ ಗಿರಾಕಿ ಕಡಿಮಿ ಆದ ಮ್ಯಾಲ ಅವರು ಎದ್ದು ಹಿಂದ ಬಂದ್ರು. ರಟ್ಟಿನ ರಾಶಿ ನೋಡಿದ್ರು. ಹೊಲದಿಟ್ಟ ಪುಸ್ತಕ ಒಂದು ತಗೊಂಡು ಹಿಂದ ಮುಂದ ತಿರುವಿದ್ರು. ಗಂಡ ಬಾಗಲದಾಗ ನಿಂತಿದ್ದ, ಈ ಸಲ ತಲಿ ಯಾವ ಕಡಿಗೂ ಅಲ್ಲಾಡಲಿಲ್ಲ. ನಾ ದಬ್ಬಣಾ ಕೆಳಗಿಡಲಿಲ್ಲ.

"ನಮ್ಮ ಹೆಸರೆಲ್ಲಾ ಯಾಕ ಕಿತ್ತಿ?" ಅಂದ್ರು ಸಾವಕಾರ್ರು ಸೊಸಿಗೆ.

ಆಕಿ ತಲಿ ಮ್ಯಾಗಿನ ಸೆರಗು ಸರಿ ಮಾಡ್ಕೊಂಡ್ಳು. ಪೆನ್ನು ಮಾತ್ರ ಬಿಡಲಿಲ್ಲ.

"ಚಿತ್ರ ತಗಿಯೂವಾಗ ನಾ ಒಬ್ಬಾಕಿನ ಇದ್ನಿರಿ, ಮಾವಾರ," ಅಂದು, ಮುಂದಿನ ಪ್ರತಿ ಎಳಕೊಂಡ್ಳು.