ಡ್ರಾಯರಿನಲ್ಲಿದ್ದ ಮೊಹರು

ಇನ್‌ಸುಕ್‌ಳ ಗಂಟಲು ಒಡೆದದ್ದು ಮೂವತ್ತಮೂರನೇ ವಯಸ್ಸಿನಲ್ಲಿ. ಅದಕ್ಕೂ ಮುಂಚೆ ಹತ್ತು ವರ್ಷ ಅವಳು ಕೊರಿಯಾದ ಗುನ್ಸಾನ್ ಊರಿನ ಒಂದು ಇಂಗ್ಲಿಷ್ ಟ್ಯೂಷನ್ ಅಕಾಡೆಮಿಯಲ್ಲಿ ದಿನಕ್ಕೆ ಎಂಟು ಪಾಠ ಕೂಗಿದ್ದಳು. ಹೌದು, ಕೂಗಿದ್ದೇ, ಇಡೀ ದಿನ ಶಾಲೆಯಲ್ಲಿ ಕೂತು ಬೇಸತ್ತು ಬಂದ ಮಕ್ಕಳಿಗೆ ಮತ್ತೆ ಪಾಠ ಹೇಳಬೇಕಾದರೆ ಇನ್ನೇನು ಮಾಡಬೇಕು? ಈಗ ಅವಳಿಗೆ ಐವತ್ತೆರಡು. ಮಕ್ಕಳು ಬೆನ್ನ ಹಿಂದೆ "ಕಾಗೆ ಅತ್ತೆ" ಅನ್ನುತ್ತಾರೆ. ಅವಳಿಗೆ ಕೇಳಿಸುತ್ತದೆ, ಕಿವಿಗೇನೂ ಆಗಿಲ್ಲವಲ್ಲ.

ಇನ್ನು ಪಾಠ ಮಾಡಲಾಗದ ಅವಳನ್ನು ಒಡತಿ ತಾಕ್ ಮೇಡಂ ಆಫೀಸಿನ ಮೇಜಿಗೆ ಕೂರಿಸಿದರು. ಅದನ್ನೇ ದೊಡ್ಡ ಉಪಕಾರ ಅಂದುಕೊಂಡು ಇನ್‌ಸುಕ್ ಹತ್ತೊಂಬತ್ತು ವರ್ಷ ಕೂತಳು. ಅಕಾಡೆಮಿಯ ಮೊಹರು ಅವಳ ಡ್ರಾಯರಿನಲ್ಲೇ ಇರುತ್ತದೆ. ಯಾವ ಕಾಗದಕ್ಕೆ ಒತ್ತಿದೆ ಎಂದು ಮೇಡಂ ಒಮ್ಮೆಯೂ ಕೇಳಿದ್ದಿಲ್ಲ.

ಹೆಸ್ಟರ್ ಪಾಠ ಹೇಳಲು ದಕ್ಷಿಣ ಆಫ್ರಿಕಾದಿಂದ ಬಂದ ಹುಡುಗಿ, ಇಪ್ಪತ್ತಾರು ವರ್ಷ. ತರಗತಿಯಲ್ಲಿ ಅವಳಿಗೆ ಕುರ್ಚಿ ಇರಲಿಲ್ಲ. ತಾಯಂದಿರು ಮೊಬೈಲಿನಲ್ಲಿ ಪಾಠ ನೋಡುತ್ತಿರುತ್ತಾರೆ, ಕೂತ ಟೀಚರು ಕ್ಯಾಮೆರಾದಲ್ಲಿ ಸೋಮಾರಿಯ ಹಾಗೆ ಕಾಣುತ್ತಾರೆ ಎಂದು ಮೇಡಂ ಕುರ್ಚಿಗಳನ್ನೇ ಎತ್ತಿಸಿದ್ದರು. ಅವಳು ಕೆಲಸಕ್ಕೆ ಸೇರಿದ ಏಳನೇ ತಿಂಗಳಲ್ಲಿ ಒಂದು ಮಧ್ಯಾಹ್ನ, ಮುಚ್ಚಿದ ಬಾಗಿಲಾಚೆಯಿಂದ ಹೆಸ್ಟರಳ ದನಿ ಬಿರುಕು ಬಿಟ್ಟದ್ದು ಇನ್‌ಸುಕ್‌ಗೆ ಕೇಳಿಸಿತು. ಆ ಸದ್ದು ಅವಳಿಗೆ ಚೆನ್ನಾಗಿ ಗೊತ್ತು. ಮಾರನೆಯ ದಿನವೇ ಗಂಟಲಿಗೆ ಒಳ್ಳೆಯದೆಂದು ದೊರಾಜಿ ಎಂಬ ಬೇರು ಹಾಕಿದ ಜೇನಿನ ಬಾಟಲಿ ತಂದುಕೊಟ್ಟಳು, ಡಾಕ್ಟರ ಬಳಿಗೂ ಕರೆದುಕೊಂಡು ಹೋದಳು. ಗಂಟಲೊಳಗಿನ ಗಂಟು ಇನ್ನೂ ಚಿಕ್ಕದು, ಮಾತು ಕಡಿಮೆ ಮಾಡಿದರೆ ಕರಗುತ್ತದೆ, ಮಾಡದಿದ್ದರೆ ದನಿ ಉಳಿಯುವ ಭರವಸೆ ಇಲ್ಲ ಎಂದರು ಡಾಕ್ಟರು.

ಒಂದು ಗಂಟೆ ದೂರದ ಹಳ್ಳಿ ಶಾಲೆಯೊಂದು ವಾರಕ್ಕೆ ಬರೀ ಹನ್ನೆರಡು ಪಾಠಕ್ಕೆ ಹೆಸ್ಟರಳನ್ನು ಕರೆಯಿತು. ಆದರೆ ಕರಾರು ಮುಗಿಯುವ ಮೊದಲು ಬೇರೆ ಕಡೆ ಸೇರಬೇಕಾದರೆ ಅಕಾಡೆಮಿಯೇ ಬಿಡುಗಡೆ ಪತ್ರ ಕೊಡಬೇಕು, ಅದೂ ಶುಕ್ರವಾರದೊಳಗೆ. ಇನ್‌ಸುಕ್ ಪತ್ರ ಟೈಪು ಮಾಡಿಕೊಂಡು ಒಡತಿಯ ಕೋಣೆಗೆ ಹೋದಳು.

"ಮೇಡಂ, ಆ ಹುಡುಗಿ ಗಂಟಲು ಹೋಗ್ತಾ ಇದೆ. ಬಿಟ್ಬಿಡೋಣ."

"ಸೋಮವಾರ ತಾಯಂದಿರು ಪಾಠ ನೋಡೋಕೆ ಬರ್ತಾರೆ. ಯಾರನ್ನ ನಿಲ್ಲಿಸ್ಲಿ, ನಿನ್ನನ್ನಾ?" ತಾಕ್ ಮೇಡಂ ತಲೆ ಎತ್ತಲಿಲ್ಲ. "ಎದುರಿನ ಕ್ಲಿನಿಕ್ಕಲ್ಲಿ ಒಂದು ಡ್ರಿಪ್ ಹಾಕಿಸ್ಕೊಂಡು ಬರ್ಲಿ. ನಾವೆಲ್ಲ ಹಂಗೇ ದುಡಿದಿಲ್ವಾ?"

"ದುಡಿದ್ವಿ ಮೇಡಂ. ನನ್ ದನಿ ಏನಾಯ್ತು ಅಂತ ನಿಮಗೇ ಕೇಳಿಸ್ತಾ ಇದೆಯಲ್ಲ."

"ಕೇಳಿಸ್ತಾ ಇದೆ. ಆದ್ರೂ ನಿನ್ನ ಕೈಬಿಟ್ನಾ?"

ಅಲ್ಲಿಗೆ ಇನ್‌ಸುಕ್ ಪತ್ರ ಎತ್ತಿಕೊಂಡು ತನ್ನ ಮೇಜಿಗೆ ಮರಳಿದಳು.

ಶುಕ್ರವಾರ ಮೇಡಂ ಊರಲ್ಲಿರಲಿಲ್ಲ. ಮೇಜಿನ ಮೇಲೆ ಪತ್ರ, ಪಕ್ಕದಲ್ಲಿ ಮೊಹರು, ತೆರೆದಿಟ್ಟ ಕೆಂಪು ಶಾಯಿಯ ಡಬ್ಬಿ. ಒಮ್ಮೆ ಒತ್ತಿದರೆ ಮುಗಿಯಿತು. ಇನ್‌ಸುಕ್ ಮೂರು ಸಲ ಮೊಹರು ಕೈಗೆತ್ತಿಕೊಂಡಳು. ಐವತ್ತೆರಡರಲ್ಲಿ ಈ ಕಾಗೆಯನ್ನು ಯಾರು ಕೆಲಸಕ್ಕೆ ಇಟ್ಟುಕೊಳ್ಳುತ್ತಾರೆ ಎಂದು ಮೂರು ಸಲವೂ ಯೋಚಿಸಿದಳು. ಆಮೇಲೆ ಅದನ್ನು ಒರೆಸಿ ಡ್ರಾಯರಿನಲ್ಲಿಟ್ಟಳು. ಹೇಡಿತನಕ್ಕೆ ಬೇರೆ ಹೆಸರು ಹುಡುಕುವುದು ಬೇಡ.

ಡ್ರಿಪ್ ಹಾಕಿಸಿಕೊಂಡು ಬಂದ ಹೆಸ್ಟರ್, ತೋಳಿನ ಹತ್ತಿಯನ್ನು ಒತ್ತಿ ಹಿಡಿದುಕೊಂಡೇ ಪಿಸುಗುಟ್ಟಿದಳು: "ಮೇಡಂ ಒಪ್ಪಿದ್ರಾ ಅಕ್ಕಾ?"

"ಒಪ್ಲಿಲ್ಲ ಕಣೆ."

ಅದು ನಿಜವೇ ಆಗಿತ್ತು. ಅದಕ್ಕೇ ಅಷ್ಟು ಸಲೀಸಾಗಿ ಬಾಯಿಂದ ಬಂತು.

ಸೋಮವಾರ ಹೆಸ್ಟರ್ ಚೆನ್ನಾಗಿಯೇ ಪಾಠ ಮಾಡಿದಳು. ತಾಯಂದಿರು ಚಪ್ಪಾಳೆ ತಟ್ಟಿದರು. ಮಂಗಳವಾರ ಬಾಯಿ ತೆರೆದರೆ ಗಾಳಿ ಬಿಟ್ಟು ಬೇರೇನೂ ಬರಲಿಲ್ಲ. ಮಕ್ಕಳು ಇದೊಂದು ಹೊಸ ಆಟ ಅಂದುಕೊಂಡು, ತಾವೂ ದನಿ ಇಲ್ಲದೆ ತುಟಿ ಆಡಿಸುತ್ತ ಕೇಕೆ ಹಾಕಿ ನಕ್ಕರು. ನಾಲ್ಕು ದಿನ ಕಾದ ಮೇಲೆ ಮೇಡಂ ಇನ್‌ಸುಕ್‌ಳನ್ನು ಕರೆದರು.

"ಕರಾರು ರದ್ದಾಯ್ತು ಅಂತ ವೀಸಾ ಆಫೀಸಿಗೆ ಬರಿ. ಪಾಠ ಮಾಡೋಕೆ ಆಗಲ್ಲ ಅಂತ ಕಾರಣ ಹಾಕು."

"ಮೊಹರು..."

"ಅದಕ್ಕೂ ನನ್ನ ಕೇಳ್ಬೇಕಾ? ಎಲ್ಲದಕ್ಕೂ ಒತ್ತೋಳು ನೀನೇ ಅಲ್ವಾ?"

ಇನ್‌ಸುಕ್ ಒತ್ತಿದಳು. ಮೊಹರಿನ ಅಕ್ಷರಗಳು ಸ್ವಲ್ಪವೂ ಹರಡದೆ ಸ್ಪಷ್ಟವಾಗಿ ಮೂಡಿದವು.

ದೇಶ ಬಿಡಲು ಹೆಸ್ಟರಿಗೆ ಎರಡು ವಾರ ಸಿಕ್ಕಿತು. ಕೊನೆಯ ದಿನ ಸೂಟ್‌ಕೇಸ್ ಎಳೆದುಕೊಂಡು ಆಫೀಸಿಗೆ ಬಂದಳು. ಜೇನಿನ ಬಾಟಲಿಯಲ್ಲಿ ಅರ್ಧ ಉಳಿದಿತ್ತು, ಅದನ್ನು ಮೇಜಿನ ಮೇಲಿಟ್ಟಳು. ನಿಮ್ಮ ಗಂಟಲಿಗೂ ಬೇಕಲ್ಲ ಎಂಬಂತೆ ಇನ್‌ಸುಕ್‌ಳ ಕುತ್ತಿಗೆಯತ್ತ ಬೆರಳು ತೋರಿಸಿದಳು. ಆಮೇಲೆ ಒಂದು ಚೀಟಿ ತೆಗೆದು ಬರೆದಳು: "ಇಲ್ಲಿ ನನಗಾಗಿ ಕೈಲಾದದ್ದನ್ನೆಲ್ಲ ಮಾಡಿದವರು ನೀವೊಬ್ಬರೇ ಅಕ್ಕಾ."

ಇನ್‌ಸುಕ್ ಅದನ್ನು ಎರಡು ಸಲ ಓದಿದಳು. ಮೊಹರಿದ್ದ ಡ್ರಾಯರು ಅವಳ ಮೊಣಕಾಲಿಗೆ ತಾಗುತ್ತಿತ್ತು. ಹೆಸ್ಟರ್ ಇನ್ನೂ ಎದುರಿಗೇ ನಿಂತಿದ್ದಳು, ಹೇಳುವುದಿದ್ದರೆ ಅದೇ ಹೊತ್ತು. ಕಾಗೆಯದಾದರೂ ಇನ್‌ಸುಕ್‌ಗೆ ಒಂದು ದನಿ ಉಳಿದಿತ್ತು. ಅವಳು ಮಾತಾಡಲಿಲ್ಲ.