ದೇವಯ್ಯನವರು ಅಂಕ ಹಾಕದ ಪ್ರಬಂಧಗಳು

ತಿ. ನರಸೀಪುರದ ತಾಲೂಕು ಕಚೇರಿಯ ಎದುರು ಬೆಂಚು ಹಾಕಿಕೊಂಡು ಅರ್ಜಿ ಬರೆದುಕೊಡುತ್ತಿದ್ದ ದೇವಯ್ಯನವರಿಗೆ ಒಂದು ಅಭ್ಯಾಸವಿತ್ತು. ಯಾರು ಬಂದರೂ ಸೀದಾ ಪೆನ್ನು ಎತ್ತುತ್ತಿರಲಿಲ್ಲ. ಏನಾಯ್ತು, ಯಾವತ್ತಾಯ್ತು, ಯಾರು ನೋಡಿದರು ಎಂದು ಕೇಳುತ್ತಲೇ ಕೂರುತ್ತಿದ್ದರು. "ತೊಂದ್ರೆ ಆಗ್ಯದೆ ಸಾ" ಎಂದಷ್ಟೇ ಹೇಳಿದವರನ್ನು, ಟೀ ಕುಡಿದು ನೆನಪು ಮಾಡಿಕೊಂಡು ಬಾ ಎಂದು ಕಳಿಸಿಬಿಡುತ್ತಿದ್ದರು. ಹಳೆಯ ಅರ್ಜಿಗೆ ಹೊಸ ಹೆಸರು ಸೇರಿಸಿ ಐದು ನಿಮಿಷದಲ್ಲಿ ಮುಗಿಸುವವರು ಪಕ್ಕದಲ್ಲೇ ಇದ್ದರೂ ಜನ ಇವರ ಮುಂದೆಯೇ ಕಾಯುತ್ತಿದ್ದರು. ಅದು ಯಾಕೆ ಎಂದು ನನಗೆ ಬಹಳ ದಿನದ ಕುತೂಹಲ.

೧೯೯೭ರಲ್ಲಿ ನಮ್ಮ ಯುವಕ ಸಂಘ ಶಾಲೆಯ ಮಕ್ಕಳಿಗೆ ನಡೆಸುತ್ತಿದ್ದ ಪ್ರಬಂಧ ಸ್ಪರ್ಧೆಗೆ ಅವರನ್ನೇ ತೀರ್ಪುಗಾರರನ್ನಾಗಿ ಮಾಡಿದೆ. ಆಗ ನಾನು ಸಂಘದ ಕಾರ್ಯದರ್ಶಿ. ಒಂಬತ್ತು ವರ್ಷದಿಂದ ವಿಷಯ ಕೊಡುತ್ತಿದ್ದವನೂ ನಾನೇ, ಕರಪತ್ರದಲ್ಲಿ ನನ್ನ ಹೆಸರು ಬೇರೆ ಅಚ್ಚಾಗುತ್ತಿತ್ತು. ಆ ವರ್ಷ ಪ್ರೆಸ್ಸಿನವನು ಅವಸರ ಮಾಡಿದಾಗ ನಿಂತ ನಿಲುವಿನಲ್ಲೇ 'ನೀರಿನ ಮಹತ್ವ' ಎಂದು ಹೇಳಿ ಬಂದಿದ್ದೆ.

ಬಹುಮಾನ ವಿತರಣೆಗೆ ಎರಡು ದಿನವಿರುವಾಗ ದೇವಯ್ಯನವರು ನಲವತ್ತೆರಡು ಪ್ರಬಂಧಗಳ ಕಟ್ಟನ್ನು ಹಾಗೇ ವಾಪಸು ಕೊಟ್ಟರು. ಒಂದಕ್ಕೂ ಅಂಕ ಹಾಕಿರಲಿಲ್ಲ.

"ಎಲ್ಲಾ ಒಂದೇ ಗೈಡ್‌ನಿಂದ ಇಳ್ಸವೆ ಕಣಪ್ಪ. ಒಳೆ ದಡದಲ್ಲಿ ಉಟ್ಟಿದ ಮಕ್ಳು ಸಮುದ್ರದ ಬಗ್ಗೆ ಬರ್ದವೆ. ಕಪಿಲೆ, ಕಾವೇರಿ ಒಂದರಲ್ಲೂ ಇಲ್ಲ. ಮಕ್ಳುದು ತಪ್ಪಲ್ಲ. ನೀನು ಕೇಳಿದ್ದೇ ಸರೀಗಿಲ್ಲ."

ನನಗೆ ಉರಿದುಹೋಯಿತು. ಕರಪತ್ರ ಊರೆಲ್ಲ ಹಂಚಿಯಾಗಿತ್ತು. ಬಹುಮಾನ ಕೊಡದಿದ್ದರೆ ಜನರ ಮುಂದೆ ನನ್ನ ಮರ್ಯಾದೆ ಮೂರು ಕಾಸಿಗೆ ಹೋಗುತ್ತಿತ್ತು. ಯಾರಾದರೂ ಮೂವರ ಹೆಸರು ಹೇಳಿಬಿಡಿ ಎಂದು ಗೋಗರೆದೆ.

"ಎಸ್ರು ಏಳ್ತೀನಿ. ಅದುಕ್ ಮೊದ್ಲು ನಿನ್ ವಿಷಯದ ಮ್ಯಾಲೆ ನೀನೇ ಒಂದ್ ಪುಟ ಬರ್ದು ತೋರ್ಸು" ಎಂದು ಹಾಳೆ ಮುಂದಿಟ್ಟರು.

ಏನು ಮಹಾ ಎಂದುಕೊಂಡು ಅದೇ ಬೆಂಚಿನ ಮೇಲೆ ಕೂತೆ. 'ನೀರು ಜೀವಿಗಳಿಗೆ ಅತ್ಯಗತ್ಯ' ಎಂದು ಬರೆದೆ. ನಾಲ್ಕು ಸಾಲಿಗೆ ಪೆನ್ನು ನಿಂತಿತು. ಆ ನಾಲ್ಕೂ ಸಾಲು ಮಕ್ಕಳ ಹಾಳೆಗಳಲ್ಲಿದ್ದಂಥವೇ. ದೇವಯ್ಯನವರು ಅದನ್ನು ಓದಿ ನಗಲಿಲ್ಲ. ನಕ್ಕಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

ಭಾನುವಾರ ಬಹುಮಾನ ವಿತರಣೆಯ ವೇದಿಕೆ ಹತ್ತಿ, ವಿಷಯ ಕೊಡುವಾಗ ನಾನು ಯೋಚನೆಯನ್ನೇ ಮಾಡಿರಲಿಲ್ಲ, ತಪ್ಪು ನನ್ನದು ಎಂದು ಒಪ್ಪಿಕೊಂಡೆ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ದೇವಯ್ಯನವರು ಎದ್ದು ನಿಂತು ಮಕ್ಕಳಿಗೆ ಹೊಸ ಪ್ರಶ್ನೆ ಹೇಳಿದರು: ನಿನ್ನೆ ನಿಮ್ಮ ಮನೆಗೆ ನೀರು ಹೇಗೆ ಬಂತು, ಯಾರು ತಂದರು? ಬರೆಯಲು ಒಂದು ಗಂಟೆ.

ಮಕ್ಕಳು ತಲೆ ಎತ್ತದೆ ಬರೆದವು. ದೇವಯ್ಯನವರು ಒಂದೊಂದೇ ಹಾಳೆ ಓದುತ್ತ, ನಡುನಡುವೆ "ಔದಾ?" ಎಂದು ತಮ್ಮಷ್ಟಕ್ಕೆ ಕೇಳಿಕೊಳ್ಳುತ್ತಿದ್ದರು. ಮೂರು ಹಾಳೆ ಆರಿಸಿ ಬಹುಮಾನಕ್ಕಿಟ್ಟರು. ಇನ್ನೊಂದನ್ನು ನನ್ನ ಕೈಗೆ ಕೊಟ್ಟರು. ಅದು ನನ್ನ ಮಗಳು ರೋಜಾಳದು.

"ಕಾರ್ಯದರ್ಶಿ ಮಗಳ್ಗೆ ಬಹುಮಾನ ಕೊಟ್ರೆ ಜನ ಆಡ್ಕೊತಾರೆ. ಆದ್ರೆ ಎಲ್ರಿಗಿಂತ ಚೆನ್ನಾಗ್ ಬರ್ದದೆ. ಮೈಕಲ್ಲಿ ನೀನೇ ಓದು."

ಓದಿದೆ. 'ನಿನ್ನೆ ಅವ್ವ ಬೀದಿ ನಲ್ಲಿಯಿಂದ ಹದಿನಾಲ್ಕು ಬಿಂದಿಗೆ ತಂದಳು. ಆರನೆಯದಕ್ಕೆ ಸೊಂಟ ಹಿಡಿದುಕೊಂಡು ಕೂತಳು. ಅಪ್ಪನಿಗೆ ಹೇಳಬೇಡ, ಅವರಿಗೆ ಸಂಘದ ಕೆಲಸ ಇದೆ ಎಂದಳು.'

ಹೆಂಗಸರ ಸಾಲಿನಲ್ಲಿ ನನ್ನ ಹೆಂಡತಿ ತಲೆ ತಗ್ಗಿಸಿ ಕೂತಿದ್ದಳು. ಅವಳಿಗೆ ಸೊಂಟ ನೋವಿದೆ ಎಂದು ನನಗೆ ಗೊತ್ತಾದದ್ದು ಆವತ್ತು, ಮೈಕಿನ ಮುಂದೆ.